ಜೀಪಿಗೆ ಗಾಳಿ ಹಿಡಿದದ್ದು

ಮಲೆನಾಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಜೀಪು ಎಂದರೆ ಸರ್ಕಾರ. ಅಮಲ್ದಾರರು ಬಂದರೂ ಜೀಪು, ಫಾರೆಸ್ಟಿನವರು ಬಂದರೂ ಜೀಪು, ಚುನಾವಣೆ ಬಂತೆಂದರೆ ಮೈಕು ಕಟ್ಟಿಕೊಂಡ ಜೀಪು. ಅದು ಹುಟ್ಟಿದ್ದು ಮಾತ್ರ ಯುದ್ಧಕ್ಕಾಗಿ. ಎಲ್ಲಿ ಬೇಕಾದರೂ ನುಗ್ಗುವ ಹಗುರ ಗಾಡಿಯೊಂದು ಬೇಕೆಂದು ಅಮೆರಿಕದ ಸೈನ್ಯ 1940ರಲ್ಲಿ ಕೇಳಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಿದ್ದಿದ್ದವು. ಹೆಸರು ಎಲ್ಲಿಂದ ಬಂತೆಂಬುದರ ಬಗ್ಗೆ ಇಂದಿಗೂ ಜಗಳವಿದೆ. ಜಿ ಮತ್ತು ಪಿ ಎಂಬ ಎರಡಕ್ಷರ ಸೇರಿ ಜೀಪಾಯಿತೆನ್ನುವವರು ಕೆಲವರು. ಪಾಪಾಯ್ ಚಿತ್ರಕಥೆಯಲ್ಲಿ 1936ರಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ಹೋಗಬಲ್ಲ ವಿಚಿತ್ರ ಪ್ರಾಣಿಯ ಹೆಸರೇ ಇದಕ್ಕೆ ಅಂಟಿತೆನ್ನುವವರು ಕೆಲವರು. ಎರಡನೆಯದನ್ನು ನಂಬುವುದು ಹೆಚ್ಚು ಖುಷಿ ಕೊಡುತ್ತದೆ.

ಹಾಸನದ ನಾಲ್ವರು ಗೆಳೆಯರ ಬಳಿ ಇಂಥದೊಂದು ಹಳೆಯ ಡೀಸೆಲ್ ಜೀಪಿದೆ. ಹೆಸರಿಗೆ ಅದು ಒಬ್ಬರದು. ಆದರೆ ಅದರ ಹಿಂದಿನ ಸೀಟಿನಲ್ಲಿ ಉಳಿದ ಮೂವರ ಬೆನ್ನಿನ ಗುರುತು ಬಿದ್ದು ಇಪ್ಪತ್ತು ವರ್ಷಗಳಾಗಿವೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರದು ಹಾರ್ಡ್‌ವೇರ್ ಅಂಗಡಿ, ಇನ್ನೊಬ್ಬರು ವಕೀಲರು. ವರ್ಷಕ್ಕೆರಡು ಬಾರಿ ಶನಿವಾರ ಬೆಳಿಗ್ಗೆ ಹೊರಟು, ಡಾಂಬರು ಮುಗಿಯುವ ಕಡೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ಮೈಯೆಲ್ಲ ಕೆಸರು ಮಾಡಿಕೊಂಡು ಭಾನುವಾರ ರಾತ್ರಿ ಮನೆ ಸೇರುವುದು ಪದ್ಧತಿ. ಐವತ್ತು ದಾಟಿದ ಗಂಡಸರು ಇದನ್ನು ಏಕೆ ಮಾಡುತ್ತಾರೆಂಬ ಪ್ರಶ್ನೆಗೆ ಅವರ ಮನೆಗಳಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.

ಆದರೆ ಮೂರು ವರ್ಷ ಈ ಪದ್ಧತಿ ನಿಂತುಹೋಗಿತ್ತು. ಕಾರಣ ಒಂದು ಚೀಟಿ. ಅಂಗಡಿಯವರು ಎತ್ತಿದ ಚೀಟಿಗೆ ಬ್ಯಾಂಕಿನವರು ಜಾಮೀನು ಹಾಕಿದ್ದರು. ವ್ಯಾಪಾರ ಕುಸಿದು ಕಂತು ನಿಂತಿತು. ನೋಟೀಸು ಜಾಮೀನುದಾರರ ಮನೆ ಬಾಗಿಲಿಗೆ ಬಂತು. 1 ಲಕ್ಷ 40 ಸಾವಿರ ರೂಪಾಯಿ, ಮಗಳ ಮದುವೆಗೆಂದು ಇಟ್ಟದ್ದರಲ್ಲಿ, ಬ್ಯಾಂಕಿನವರು ತುಂಬಿದರು. ಅಂದಿನಿಂದ ಇಬ್ಬರೂ ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುವವರು. ಜೀಪಿನ ಯಜಮಾನರ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತೇನೋ. ಆಸ್ಪತ್ರೆಯಿಂದ ಬಂದು ನಾಲ್ಕು ತಿಂಗಳಿಗೆ ಅವರು ಇಬ್ಬರಿಗೂ ಬೇರೆಬೇರೆಯಾಗಿ ಫೋನು ಮಾಡಿದರು. ‘ಬಂದರೆ ಇಬ್ಬರೂ ಬರಬೇಕು. ಇಲ್ಲವೆಂದರೆ ಜೀಪು ಗುಜರಿಗೆ ಹಾಕುತ್ತೇನೆ.’

ಹಾಗೆ 2024ರ ನವೆಂಬರಿನ ಒಂದು ಶನಿವಾರ ನಾಲ್ವರೂ ಹೊರಟರು. ಸಕಲೇಶಪುರದಲ್ಲಿ ಅಕ್ಕಿರೊಟ್ಟಿ ತಿಂದು, ಹಾನುಬಾಳಿನ ಕಡೆ ತಿರುಗಿ, ವಕೀಲರ ನೆಂಟರೊಬ್ಬರ ಕಾಫಿತೋಟಕ್ಕೆ ಬಂದದ್ದಾಯಿತು. ದಾರಿಯುದ್ದಕ್ಕೂ ಮಾತಾಡಿದವರು ವಕೀಲರೊಬ್ಬರೇ. ತೋಟದ ಹಿಂದಿನ ಹುಲ್ಲುಗುಡ್ಡಕ್ಕೆ ಗೊಬ್ಬರದ ಟ್ರ್ಯಾಕ್ಟರ್ ಹೋಗಿ ಆದ ದಾರಿಯೊಂದಿದೆ. ಮಧ್ಯಾಹ್ನ ಊಟವಾದ ಮೇಲೆ ಟೈರಿನ ಗಾಳಿಯನ್ನು 28ರಿಂದ 18 ಪೌಂಡಿಗೆ ಇಳಿಸಿ ಹತ್ತತೊಡಗಿದರು. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ಹಿಡಿಯುತ್ತದೆ. ಮಳೆ ಕುಡಿದ ಕೆಂಪು ಜೇಡಿಯಲ್ಲಿ ಇಷ್ಟಾದರೂ ಸಾಲದು. ಒಂದು ತಿರುವಿನಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಗುಳಿಯ ಮೇಲೆ ತೇಲಿ ಗರಗರ ತಿರುಗಿದವು. ನೆಲದ ಮೇಲಿದ್ದ ಎರಡು ಅಲುಗಲಿಲ್ಲ. ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಪೆಟ್ಟಿಗೆಯ ಸ್ವಭಾವವೇ ಹಾಗೆ. ಒಂದು ಅಚ್ಚಿನ ಎರಡು ಚಕ್ರಗಳಿಗೂ ಅದು ಸಮನಾದ ಬಲ ಹಂಚುತ್ತದೆ. ಜಾರುವ ಚಕ್ರಕ್ಕೆ ಬೇಕಾಗುವ ಬಲ ಎಳ್ಳಷ್ಟಾದರೆ ಜಾರದ ಚಕ್ರಕ್ಕೂ ಎಳ್ಳಷ್ಟೇ ಸಿಗುತ್ತದೆ. ಗುಳಿಗೆ ಕಲ್ಲು ತುಂಬಿ ದಾಟಿದರು.

ತುದಿಗೆ ಇನ್ನೂರು ಗಜವಿದೆ ಎನ್ನುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಗಂಟೆ ಐದು. ಸ್ಟಾರ್ಟರ್ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಯಜಮಾನರು ವಕೀಲರನ್ನು ಹಿಂದೆ ಕಳಿಸಿ, ‘ಹೊಗೆ ಬರುತ್ತದೆಯೇ ನೋಡು’ ಎಂದರು. ಬರಲಿಲ್ಲ. ಸುಡದ ಡೀಸೆಲ್ ಬಿಳಿ ಹೊಗೆಯಾಗಿಯಾದರೂ ಬರಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಒಳಗೆ ಹೋಗುತ್ತಿಲ್ಲ. ‘ಗಾಳಿ ಹಿಡಿದಿದೆ’ ಎಂದರು ಯಜಮಾನರು. ಕನ್ನಡದಲ್ಲಿ ಮನುಷ್ಯರಿಗೂ ಗಾಳಿ ಹಿಡಿಯುತ್ತದೆ, ಎಂಜಿನ್ನಿಗೂ ಹಿಡಿಯುತ್ತದೆ. ಬಿಡಿಸುವ ಮಂತ್ರ ಮಾತ್ರ ಬೇರೆ.

ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ಲಿನದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒತ್ತಿ ಕಾಯಿಸಿದ ಗಾಳಿಯ ಮೇಲೆ ಇಂಧನವನ್ನು ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಮೂತಿ ತೆರೆಯಬೇಕಾದರೆ ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಪಂಪು ತಳ್ಳಿದ್ದು ನೇರ ಮೂತಿಗೆ ಮುಟ್ಟುತ್ತದೆ. ಕೊಳವೆಯಲ್ಲಿ ಒಂದಿಷ್ಟು ಗಾಳಿ ಸೇರಿತೋ, ಪಂಪು ತಳ್ಳಿದಾಗ ಆ ಗಾಳಿ ಸ್ಪಂಜಿನಂತೆ ಕುಗ್ಗಿ, ಬಿಟ್ಟಾಗ ಹಿಗ್ಗಿ, ಮೂತಿ ಬಾಯಿ ಬಿಡುವುದೇ ಇಲ್ಲ.

ಅಷ್ಟರಲ್ಲಿ ತೋಟದ ರೈಟರ್ ಫೋನು ಮಾಡಿದ. ಕೆಳಗಿನ ಹಳ್ಳದ ಬಳಿ ಆನೆಗಳಿವೆ ಎಂದು ಸಂದೇಶ ಬಂದಿದೆ. ಯಾರೂ ನಡೆದು ಇಳಿಯಬಾರದು, ಟ್ರ್ಯಾಕ್ಟರ್ ತರುವುದಾದರೂ ಬೆಳಿಗ್ಗೆಯೇ. ಆ ಭಾಗದಲ್ಲಿ ಇದು ಬೆದರಿಕೆಯ ಮಾತಲ್ಲ. ಸಕಲೇಶಪುರ, ಬೇಲೂರು, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕೆಲಸಕ್ಕೆ ಹೋದವರು ಆನೆ ತುಳಿದು ಸತ್ತದ್ದು ಅನೇಕ ಸಲ ನಡೆದಿದೆ. ರಾತ್ರಿ ಜೀಪಿನಲ್ಲೇ ಕಳೆಯಬಹುದಿತ್ತು. ಆದರೆ ಯಜಮಾನರ ರಾತ್ರಿಯ ಮಾತ್ರೆಗಳು ಕೆಳಗೆ ಬಂಗಲೆಯಲ್ಲಿ, ಚೀಲದಲ್ಲಿದ್ದವು. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಿರಲು ತಪ್ಪದೆ ನುಂಗಬೇಕಾದ ಮಾತ್ರೆ. ‘ಒಂದು ಹೊತ್ತು ತಪ್ಪಿದರೆ ಏನೂ ಆಗುವುದಿಲ್ಲ’ ಎಂದು ಅವರೇ ಹೇಳಿದರು. ಹೇಳುವಾಗ ಕೈ ಅಂಗಿಯ ಗುಂಡಿಯ ಮೇಲಿತ್ತು.

ಗಾಳಿ ಬಿಡಿಸಲು ಎರಡು ಜೊತೆ ಕೈ ಬೇಕು. ಒಬ್ಬರು ಕೈಪಂಪು ಒತ್ತಬೇಕು, ಇನ್ನೊಬ್ಬರು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತೊಡನೆ ಬಿಗಿಯಬೇಕು. ಯಜಮಾನರಿಗೆ ಬಗ್ಗಿ ಕೆಲಸ ಮಾಡುವುದಕ್ಕೆ ಅಪ್ಪಣೆಯಿಲ್ಲ. ವಕೀಲರಿಗೆ ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂಬುದೇ ಗೊತ್ತಿಲ್ಲ. ಅವರ ಕೈಗೆ ಟಾರ್ಚು ಕೊಟ್ಟರು. ಉಳಿದವರು ಇಬ್ಬರೇ.

ಅಂಗಡಿಯವರು ಸ್ಪ್ಯಾನರ್ ತೆಗೆದುಕೊಂಡರು. ಬ್ಯಾಂಕಿನವರು ಪಂಪಿಗೆ ಕೈ ಹಚ್ಚಿದರು. ಮೊದಲು ಇಬ್ಬರೂ ಯಜಮಾನರ ಮುಖ ನೋಡಿ ಮಾತಾಡಿದರು: ‘ಒತ್ತಲಿಕ್ಕೆ ಹೇಳಿ’, ‘ಬಿಗಿಯಲಿಕ್ಕೆ ಹೇಳಿ’. ಹೀಗೆ ಸುತ್ತು ಹಾಕಿ ಬರುವಷ್ಟರಲ್ಲಿ ಪಂಪಿನ ಕೈ ಬಿಟ್ಟು ಮತ್ತೆ ಗಾಳಿ ಒಳಗೆಳೆದುಕೊಳ್ಳುತ್ತಿತ್ತು. ನಾಲ್ಕನೆಯ ಸಲ ಡೀಸೆಲ್ ಮುಖಕ್ಕೆ ಎರಚಿದಾಗ ಅಂಗಡಿಯವರು, ‘ಬಿಡಬೇಡವೋ, ಒತ್ತಿ ಹಿಡಿ!’ ಎಂದು ಕೂಗಿದರು. ಮೂರು ವರ್ಷದ ಮೇಲೆ ಬಂದ ಮೊದಲ ಏಕವಚನ ಅದು. ‘ಹಿಡಿದಿದ್ದೀನಿ, ನೀನು ಬಿಗಿ’ ಎಂದರು ಬ್ಯಾಂಕಿನವರು.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲಲಿಲ್ಲ. ಅಂದರೆ ಗಾಳಿ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ. ತೊಟ್ಟಿಯಿಂದ ಪಂಪಿನವರೆಗಿನ ಕೊಳವೆ ಹೀರುವ ಕೊಳವೆ. ಅದು ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ನುಗ್ಗುವುದುಂಟು, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯವರು ಕೆಸರಿನಲ್ಲಿ ಮಲಗಿ ಕೊಳವೆಯನ್ನು ಬೆರಳಿನಿಂದ ಮಡಚುತ್ತ ಬಂದರು. ಪಂಪಿಗೆ ಸೇರುವ ಕಡೆ, ಕ್ಲಿಪ್ಪಿನ ಬುಡದಲ್ಲೇ, ರಬ್ಬರು ಹಳೆಯ ಚಪ್ಪಲಿಯಂತೆ ಸೀಳಿತ್ತು. ಎರಡಂಗುಲ ಕತ್ತರಿಸಿ, ಉಳಿದದ್ದನ್ನು ಎಳೆದು ಸೇರಿಸಿ, ಕ್ಲಿಪ್ಪು ಬಿಗಿದರು. ಈ ಸಲ ಹತ್ತೇ ಒತ್ತಿಗೆ ತಿಳಿಯಾದ ಡೀಸೆಲ್ ಬಂತು.

ಆದರೆ ಬ್ಯಾಟರಿ ಸೋತಿತ್ತು. ಹಿಂದಕ್ಕೆ ಉರುಳಿಸಿ ಗೇರಿನಲ್ಲಿ ಚಾಲೂ ಮಾಡೋಣವೆಂದು ವಕೀಲರು ವಾದಿಸಿದರು. ಕತ್ತಲಲ್ಲಿ, ಆ ಜಾರಿನಲ್ಲಿ, ಯಜಮಾನರು ಒಪ್ಪಲಿಲ್ಲ, ಒಪ್ಪದ್ದು ಸರಿ. ಸೋತ ಬ್ಯಾಟರಿಗೆ ಸ್ವಲ್ಪ ಬಿಡುವು ಕೊಟ್ಟರೆ ಆಮ್ಲ ಮತ್ತೆ ತಗಡುಗಳ ರಂಧ್ರಗಳಿಗೆ ಇಳಿದು, ಇನ್ನೊಂದು ಪ್ರಯತ್ನಕ್ಕಾಗುವಷ್ಟು ಜೀವ ಬರುತ್ತದೆ. ಇಪ್ಪತ್ತು ನಿಮಿಷ ಎಲ್ಲ ದೀಪ ಆರಿಸಿ ಕುಳಿತರು. ಕೆಳಗೆಲ್ಲೋ ಬೈನೆ ಮರ ಮುರಿದ ಸದ್ದು. ಕತ್ತಲಲ್ಲಿ ಅಂಗಡಿಯವರು, ‘ಮಾರ್ಚಿನಲ್ಲಿ ಕೊಡ್ತೀನಿ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಂಕಿನವರು, ‘ಈಗ ಆ ಮಾತು ಬೇಡ’ ಎಂದರು. ವಕೀಲರೂ ಸುಮ್ಮನಿದ್ದರು, ಅದೊಂದು ಸೋಜಿಗ.

ಏಳೂಕಾಲಿಗೆ ಕೀಲಿ ತಿರುವಿದಾಗ ಎಂಜಿನ್ ಬಿಳಿ ಹೊಗೆ ಉಗುಳಿ, ಒಂದು ಸಿಲಿಂಡರಿನಲ್ಲಿ ಕುಂಟಿ, ನಾಲ್ಕರಲ್ಲೂ ಹಿಡಿಯಿತು. ಕೆಳಗಿನ ಗೇರಿಗೆ ಹಾಕಿ, ಬ್ರೇಕು ಮುಟ್ಟದೆ, ಎಂಜಿನ್ನಿನ ಬಿಗಿತದಲ್ಲೇ ಹೆಜ್ಜೆಹೆಜ್ಜೆಗೆ ಇಳಿದರು. ಹಳ್ಳದ ಬಳಿ ದಾರಿಯ ಮೇಲೆ ಬಿಸಿ ಆರದ ಲದ್ದಿ ಇತ್ತು, ಆನೆಗಳಿರಲಿಲ್ಲ. ಎಂಟೂವರೆಗೆ ಯಜಮಾನರು ಮಾತ್ರೆ ನುಂಗಿದರು.

ಸೋಮವಾರ ಅಂಗಡಿಯವರು ಹೊಸ ಕೊಳವೆ, ಎರಡು ಕ್ಲಿಪ್ಪು ಕಳಿಸಿದರು. ಹಾಕಿಸಲು ಮೆಕ್ಯಾನಿಕ್ಕಿನ ಬಳಿ ಜೀಪು ಒಯ್ದವರು ಬ್ಯಾಂಕಿನವರು. 2025ರ ಮಾರ್ಚಿನಲ್ಲಿ 70 ಸಾವಿರ ಬಂತು. ಉಳಿದ 70 ಸಾವಿರಕ್ಕೆ ಇನ್ನೊಂದು ಮಾರ್ಚನ್ನು ಹೇಳಿದ್ದಾರೆ.