ಮನೆಯ ಉದ್ಯೋಗ, ನೆರೆಯ ನೆಮ್ಮದಿ

ವಾಸದ ಮನೆಯಲ್ಲಿ ವ್ಯಾಪಾರ ನಡೆಸಬಹುದೆ? ನಡೆಸಬಹುದಾದರೆ ಎಷ್ಟರ ಮಟ್ಟಿಗೆ? ನಗರವಾಸಿಯಾದ ಗೃಹಸ್ಥನನ್ನು ಕಾಡುವ ಪ್ರಶ್ನೆಗಳಲ್ಲಿ ಇದೂ ಒಂದು. ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ಗೃಹಿಣಿಯರು, ಹೊಲಿಗೆಯಂತ್ರವನ್ನೇ ನಂಬಿದ ವಿಧವೆಯರು, ಸಂಜೆ ಮಕ್ಕಳಿಗೆ ಪಾಠ ಹೇಳುವ ನಿವೃತ್ತ ಉಪಾಧ್ಯಾಯರು, ಒಂದು ಕೋಣೆಯಲ್ಲಿ ಲೆಕ್ಕಪತ್ರ ಬರೆಯುವ ತರುಣರು, ಇವರೆಲ್ಲರ ಅನ್ನದ ದಾರಿ ಹೊಸ್ತಿಲಿನ ಒಳಗೇ ಇದೆ. ಅದೇ ಬೀದಿಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ರಾತ್ರಿಪಾಳಿ ಮುಗಿಸಿ ಹಗಲು ನಿದ್ರಿಸುವವರಿದ್ದಾರೆ. ಒಬ್ಬರಿಗೆ ಜೀವನೋಪಾಯ ಬೇಕು, ಇನ್ನೊಬ್ಬರಿಗೆ ನೆಮ್ಮದಿ ಬೇಕು. ಈ ಎರಡರ ನಡುವೆ ಗೆರೆ ಎಳೆಯುವುದು ನಗರ ಯೋಜನೆಯ ವಲಯ ನಿಯಮಗಳ ಉದ್ದೇಶ.

ಈ ಗೆರೆ ನಮ್ಮ ಪೇಟೆಗಳಿಗೆ ಹಳೆಯದೇನಲ್ಲ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆಗಳ ಹೆಸರುಗಳೇ ಅಲ್ಲಿನ ವ್ಯವಹಾರವನ್ನು ಹೇಳುತ್ತವೆ. ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬುದು ಅಲ್ಲಿನ ವಾಡಿಕೆ. ವರ್ತಕನ ಮಗ ತೊಟ್ಟಿಲಿನಿಂದ ಇಳಿದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆಯುತ್ತಿದ್ದನು. 1898ರಲ್ಲಿ ಪ್ಲೇಗ್ ಮಾರಿ ಎರಗಿದಾಗ ಈ ಇಕ್ಕಟ್ಟಿನ ಅಪಾಯ ಎಲ್ಲರಿಗೂ ತಿಳಿಯಿತು. ಆ ಬಳಿಕ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಅಗಲವಾದ ರಸ್ತೆ, ಗಾಳಿ, ಬೆಳಕುಗಳೊಡನೆ ಬೆಳೆದವು. ವಾಸದ ಸ್ಥಳ ಬೇರೆ, ವ್ಯಾಪಾರದ ಸ್ಥಳ ಬೇರೆ ಎಂಬ ಭಾವನೆ ಕ್ರಮೇಣ ನಗರದಲ್ಲಿ ನೆಲೆಯೂರಿತು.

ಈ ಭಾವನೆಗೆ ಶಾಸನದ ಬಲ ದೊರೆತದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ. ಅದರ ಅಡಿಯಲ್ಲಿ ಸಿದ್ಧವಾಗಿ 2007ರಲ್ಲಿ ಸರ್ಕಾರದ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ವಸತಿ ಪ್ರದೇಶವನ್ನು ಮುಖ್ಯ ವಸತಿ, ಮಿಶ್ರ ವಸತಿ ಎಂದು ವಿಂಗಡಿಸಿತು. ಮನೆಯೊಳಗಿನ ಉದ್ಯೋಗವನ್ನು ಅದು ಪೂರ್ಣವಾಗಿ ನಿಷೇಧಿಸಲಿಲ್ಲ. ವೃತ್ತಿನಿರತರ ಸ್ವಂತ ಕಚೇರಿ, ಚಿಕಿತ್ಸಾಲಯ, ಪಾಠಶಾಲೆಗಳಂತಹವುಗಳಿಗೆ 50 ಚದರ ಮೀಟರಿನ ಮಿತಿಯನ್ನು ಇಟ್ಟಿತು. ಮನೆ ಮೊದಲು ಮನೆಯಾಗಿರಬೇಕು, ಉದ್ಯೋಗ ಅದಕ್ಕೆ ಅಧೀನವಾಗಿರಬೇಕು ಎಂಬುದು ಇದರ ತಾತ್ಪರ್ಯ.

ಆದರೆ ವಲಯದ ಒಪ್ಪಿಗೆಯೊಂದೇ ಸಾಲದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ ಬೇಕಾಗುವ ಕಸುಬುಗಳಿವೆ. ತಿಂಡಿ ತಯಾರಿಸಿ ಮಾರುವವರು, ಅಡುಗೆಮನೆ ಎಷ್ಟೇ ಚಿಕ್ಕದಾಗಿದ್ದರೂ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ನೋಂದಣಿ ಮಾಡಿಸಬೇಕು. ಮನೆಬಳಕೆಯ 14.2 ಕಿಲೋ ಅನಿಲದ ಸಿಲಿಂಡರನ್ನು ವ್ಯಾಪಾರದ ಒಲೆಗೆ ಜೋಡಿಸುವಂತಿಲ್ಲ. ವಿದ್ಯುತ್ತಿಗೂ ಗೃಹಬಳಕೆಯ ದರ ಬೇರೆ, ವಾಣಿಜ್ಯದ ದರ ಬೇರೆ. ಇವನ್ನು ಕಿರುಕುಳವೆಂದು ಭಾವಿಸಿ ಕಣ್ಣು ಮರೆಸುವವರುಂಟು. ಜೈನ ಗೃಹಸ್ಥನು ಇಲ್ಲಿ ಒಂದು ಮಾತನ್ನು ನೆನೆಯಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ವ್ಯವಹಾರದಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವುದನ್ನು ಆಚಾರ್ಯರು ಕಳ್ಳತೂಕದ ಜೊತೆಯಲ್ಲೇ ಎಣಿಸಿದ್ದಾರೆ. ಗೃಹಬಳಕೆಯ ದರದಲ್ಲಿ ವಿದ್ಯುತ್ ಪಡೆದು ವ್ಯಾಪಾರದ ಯಂತ್ರ ಓಡಿಸುವವನು ತಕ್ಕಡಿಯನ್ನು ಮುಟ್ಟದಿದ್ದರೂ ತೂಕದಲ್ಲಿ ತಪ್ಪಿದವನೇ.

ಮನೆಯ ಉದ್ಯೋಗ ಕೆಡುವುದು ಆರಂಭದಲ್ಲಲ್ಲ, ಬೆಳವಣಿಗೆಯಲ್ಲಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಗೃಹಿಣಿಯೊಬ್ಬಳು ನಾಲ್ಕು ಮನೆಗಳಿಗೆ ಚಕ್ಕುಲಿ, ಕೋಡುಬಳೆ ಮಾಡಿಕೊಡಲು ತೊಡಗುತ್ತಾಳೆ. ಕೈರುಚಿಗೆ ಹೆಸರು ಬರುತ್ತದೆ. ಮೊದಲು ಸಹಾಯಕ್ಕೆ ಒಬ್ಬಳು, ಬಳಿಕ ಐವರು. ಅಂಗಳಕ್ಕೆ ತಗಡಿನ ಮಾಡು ಬರುತ್ತದೆ, ಹಿಟ್ಟಿನ ಗಿರಣಿ ಬರುತ್ತದೆ, ಮುಂಜಾನೆ ಐದಕ್ಕೆ ಸರಕಿನ ಗಾಡಿ ಬಂದು ನಿಲ್ಲುತ್ತದೆ. ಕಾದ ಎಣ್ಣೆಯ ಹೊಗೆ ಪಕ್ಕದ ಮನೆಯ ಆಸ್ತಮಾ ರೋಗಿಯ ಕಿಟಕಿಯನ್ನು ಹೊಗುತ್ತದೆ. ಯಾವ ದಿನ ಆ ಮನೆ ಕಾರ್ಖಾನೆಯಾಯಿತೆಂದು ಮನೆಯವರೂ ಹೇಳಲಾರರು, ನೆರೆಯವರಿಗೆ ಮಾತ್ರ ಅದು ಮೊದಲೇ ತಿಳಿದಿರುತ್ತದೆ. ಚದರ ಮೀಟರಿನ ಲೆಕ್ಕ ಅಧಿಕಾರಿಗೆ ಸಾಕು. ಸಜ್ಜನನಿಗೆ ಬೇಕಾದ ಅಳತೆ ಇನ್ನೂ ಸೂಕ್ಷ್ಮವಾದುದು: ತನ್ನ ಉದ್ಯೋಗದ ಶಬ್ದ, ಹೊಗೆ, ಕಸ, ವಾಹನಗಳಲ್ಲಿ ಎಷ್ಟು ಪಾಲು ಗೋಡೆ ದಾಟಿ ಹೋಗುತ್ತಿದೆ?

ನೆರೆಯವರಿಗೂ ಕರ್ತವ್ಯವಿದೆ. ಹೊಲಿಗೆಯಂತ್ರದ ಸದ್ದು ಕೇಳಿದ ಮಾತ್ರಕ್ಕೆ ಪಾಲಿಕೆಗೆ ದೂರು ಬರೆಯುವುದು ಒಂದು ಕುಟುಂಬದ ಅನ್ನಕ್ಕೆ ಕೈಯಿಕ್ಕಿದಂತೆ. ಹಳೆಯ ವೈಮನಸ್ಯವನ್ನು ನಿಯಮದ ಹೆಸರಿನಲ್ಲಿ ತೀರಿಸಿಕೊಳ್ಳುವುದು ಇನ್ನೂ ಹೀನ. ದೂರಿಗೆ ಮೊದಲು ಬಾಗಿಲು ತಟ್ಟಿ ಮಾತನಾಡುವುದು ಲೇಸು. ಅಧಿಕಾರದಲ್ಲಿರುವವರೂ ಹಪ್ಪಳದ ಮಣೆಯನ್ನೂ ಮದ್ಯದಂಗಡಿಯನ್ನೂ ಒಂದೇ ಕೋಲಿನಿಂದ ಅಳೆಯಬಾರದು.

ಇದೇ ವಿವೇಕ ವಿಶೇಷ ಸಮಾರಂಭಗಳಿಗೂ ಸಲ್ಲುತ್ತದೆ. ಮದುವೆ, ಗೃಹಪ್ರವೇಶ, ಉತ್ಸವಗಳು ಒಂದು ದಿನದವಾದರೂ, ಆ ಒಂದು ದಿನ ಇಡೀ ಬೀದಿ ಅವುಗಳ ಭಾರ ಹೊರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಭಾಭವನಗಳಂತಹ ಮುಚ್ಚಿದ ಆವರಣಗಳ ಹೊರತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಕ್ಕಿದ್ದರೂ ಅದು ವರ್ಷಕ್ಕೆ 15 ದಿನಗಳನ್ನು ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಧ್ವನಿವರ್ಧಕದಿಂದ ಪರರ ಶಾಂತಿಗೆ ಭಂಗ ತಂದು ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯ 2000ನೆಯ ಇಸವಿಯಲ್ಲೇ ವ್ಯಕ್ತಪಡಿಸಿದೆ.

ಬಸದಿಗಳ ಆಡಳಿತ ಮಂಡಳಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸಮಾಜದ ಸದಸ್ಯರ ಅನುಕೂಲಕ್ಕೆಂದು ಕಟ್ಟಿದ ಸಭಾಭವನವನ್ನು ನಿತ್ಯವೂ ಬಾಡಿಗೆಗೆ ಕೊಡತೊಡಗಿದರೆ ಅದು ಕಲ್ಯಾಣಮಂಟಪವೇ ಆಗುತ್ತದೆ. ಕಟ್ಟಡಕ್ಕೆ ಯಾವ ಉಪಯೋಗಕ್ಕೆಂದು ಅನುಮತಿ ದೊರೆತಿದೆ, ವಾಹನಗಳಿಗೆ ಸ್ಥಳವಿದೆಯೆ, ಎಂಜಲೆಲೆ ಎಲ್ಲಿ ಬೀಳುತ್ತದೆ ಎಂಬ ವಿಚಾರಣೆ ಬಾಡಿಗೆಯ ರಸೀದಿ ಬರೆಯುವ ಮೊದಲೇ ಆಗಬೇಕು. ಉತ್ಸವಕ್ಕೆ ವಾರ ಮೊದಲೇ ಬೀದಿಯ ಮನೆಮನೆಗೆ ಹೋಗಿ, ಜಾತಿ ಮತಗಳನ್ನೆಣಿಸದೆ, ದಿನ ಮತ್ತು ವೇಳೆಯನ್ನು ತಿಳಿಸಿ ಬರುವುದು ಒಳ್ಳೆಯ ಪದ್ಧತಿ. ರೋಗಿಗಳಿರುವ ಮನೆಯ ಕಡೆಗೆ ಧ್ವನಿವರ್ಧಕದ ಮುಖ ತಿರುಗದಂತೆ ನೋಡಿಕೊಳ್ಳಲು ಖರ್ಚೇನೂ ಇಲ್ಲ.

ಪರವಾನಗಿಯ ಕಾಗದ ದಂಡದಿಂದ ಕಾಪಾಡೀತು, ನೆರೆಯವರ ವಿಶ್ವಾಸವನ್ನು ಗಳಿಸಿಕೊಡಲಾರದು. ಮನೆಯಲ್ಲಿ ದುಡಿಯುವವನು ತನ್ನ ಲೆಕ್ಕದ ಪುಸ್ತಕದಲ್ಲಿ ಲಾಭ ನಷ್ಟಗಳ ಜೊತೆಗೆ, ಈ ತಿಂಗಳು ನೆರೆಯವರಿಗೆ ಕೊಟ್ಟ ತೊಂದರೆಯೆಷ್ಟು ಎಂಬ ಒಂದು ಬಾಬ್ತನ್ನೂ ಬರೆದಿಡಲಿ. ಆ ಬಾಬ್ತು ಬೆಳೆಯತೊಡಗಿದ ದಿನವೇ ಉದ್ಯೋಗಕ್ಕೆ ಬೇರೆ ಜಾಗ ಹುಡುಕುವ ಕಾಲ ಬಂದಿತೆಂದು ತಿಳಿಯಬೇಕು.