ಸೇಂಟ್ ಪಾಲಿನ ಮೂಲಿಕೆಯ ಪೇಟೆ

ಅಮೆರಿಕದ ಮಿನ್ನೆಸೋಟಾ ಸಂಸ್ಥಾನದ ರಾಜಧಾನಿಯಾದ ಸೇಂಟ್ ಪಾಲ್ ಪಟ್ಟಣದಲ್ಲಿ, ಶಾಸನಸಭೆಯ ಸೌಧಕ್ಕೆ ಅನತಿದೂರದಲ್ಲಿ, ಹಿಂದೆ ಮರಮುಟ್ಟುಗಳನ್ನು ಮಾರುತ್ತಿದ್ದ ವಿಶಾಲವಾದ ಆವರಣವೊಂದುಂಟು. 2004ರಿಂದ ಅದು ಹ್ಮೋಂಗ್ ಜನರ ಪೇಟೆಯಾಗಿದೆ. ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗುವ ನಮ್ಮ ಕನ್ನಡಿಗ ತಂದೆತಾಯಿಗಳು ಸಾಮಾನ್ಯವಾಗಿ ಜಲಪಾತಗಳನ್ನು ನೋಡಿ ಹಿಂದಿರುಗುತ್ತಾರೆ. ಬೇಸಗೆಯಲ್ಲಿ ಹೋದವರು ಈ ಪೇಟೆಯನ್ನೂ ನೋಡತಕ್ಕದ್ದೆಂದು ನನ್ನ ಅಭಿಪ್ರಾಯ.

ಹ್ಮೋಂಗರು ಮೂಲತಃ ದಕ್ಷಿಣ ಚೀಣದ ಗಿರಿವಾಸಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರಲ್ಲಿ ಅನೇಕರು ವಿಯೆಟ್ನಾಂ, ಲಾವೋಸ್ ದೇಶಗಳ ಬೆಟ್ಟಗಳಿಗೆ ಸರಿದರು. ಲಾವೋಸಿನ ಯುದ್ಧದಲ್ಲಿ ಅಮೆರಿಕದವರ ಪಕ್ಷ ವಹಿಸಿ ಕಾದಿದವರಿಗೆ, 1975ರಲ್ಲಿ ಆ ಪಕ್ಷವು ಸೋತೊಡನೆ ನೆಲೆ ತಪ್ಪಿತು. ಮೇಕಾಂಗ್ ನದಿಯನ್ನು ದಾಟಿ, ಥಾಯ್ಲೆಂಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು, ಕಡೆಗೆ ಈ ಹಿಮಪ್ರದೇಶವನ್ನು ಸೇರಿದರು. ಬಿಸಿನಾಡಿನ ಮೂಲಿಕೆಗಳು ಇಲ್ಲಿಯ ಚಳಿಗಾಲದಲ್ಲಿ ಹೊರಗೆ ಬದುಕಲಾರವು. ಆದಕಾರಣ ಹೆಂಗಸರು ಅವನ್ನು ಕುಂಡಗಳಲ್ಲಿಟ್ಟು, ಮನೆಯೊಳಗೆ ಕಿಟಕಿಯ ಬೆಳಕಿನಲ್ಲಿ ಕೂಸಿನಂತೆ ಕಾಪಾಡಿ, ಬೇಸಗೆ ಬಂದಾಗ ಮತ್ತೆ ನೆಲಕ್ಕಿಳಿಸುತ್ತಾರೆ.

ಪೇಟೆಯಲ್ಲಿ ಒಬ್ಬ ವೃದ್ಧೆಯ ಮುಂದೆ ಹಸಿ ಸೊಪ್ಪಿನ ಸಣ್ಣ ಸಣ್ಣ ಕಟ್ಟುಗಳಿದ್ದುವು. ಒಂದೊಂದರಲ್ಲಿಯೂ ಹಲವು ಬಗೆಯ ಎಲೆಗಳು. ಮಜ್ಜಿಗೆಹುಲ್ಲನ್ನು ದೂರದಿಂದಲೇ ಗುರುತಿಸಿದೆನು. ಗಣೇಶನ ಪತ್ರಪೂಜೆಗೆ ತರುವ ಮಾಚಿಪತ್ರೆಯ ಜಾತಿಯದೊಂದು ಎಲೆಯಿತ್ತು. ಇನ್ನೊಂದನ್ನು ಬೆರಳಿನಲ್ಲಿ ಹೊಸೆದು ಮೂಸಿದರೆ ಬಜೆಯ ವಾಸನೆ! ಅದು ನಮ್ಮ ಬಜೆಯಲ್ಲ, ಅದರ ತಂಗಿಯೆನ್ನಬಹುದಾದ ಸಣ್ಣ ಎಲೆಯ ಜಾತಿ. ಮಕ್ಕಳಿಗೆ ಮಾತು ಸ್ಫುಟವಾಗಲೆಂದು ನಾವು ತೇದು ನೆಕ್ಕಿಸುವ ಈ ಬೇರಿಗೆ ಸಂಸ್ಕೃತದಲ್ಲಿ ‘ವಚಾ’ ಎಂದು ಹೆಸರು. ಇವರು ಅದರ ತಂಗಿಯನ್ನು ಬಾಣಂತಿಗೆ ಉಣಿಸುತ್ತಾರೆ.

ಬಾಣಂತನದ ಪಥ್ಯವೇ ಇವರ ಗೃಹವೈದ್ಯದ ತಿರುಳು. ಹೆತ್ತ ದಿನದಿಂದ ಮೂವತ್ತು ದಿನಗಳವರೆಗೆ, ಈ ಸೊಪ್ಪುಗಳನ್ನು ಹಾಕಿ ಬೇಯಿಸಿದ ಕೋಳಿಯ ಸಾರು, ಬಿಸಿ ಅನ್ನ, ಬಿಸಿನೀರು, ಇಷ್ಟೇ ಆಹಾರ. ತಣ್ಣಗಿರುವುದು ಯಾವುದೂ ಕೂಡದು. ಈಗ ತಪ್ಪಿದರೆ ಮುದಿತನದಲ್ಲಿ ಕೀಲುನೋವು ಕಾಡುವುದೆಂದು ನಂಬಿಕೆ. ಕೋಳಿಯ ಮಾತನ್ನು ಬಿಟ್ಟರೆ, ಇದನ್ನು ನಮ್ಮ ಅಜ್ಜಿಯರೇ ಹೇಳಿದರೆಂದು ಭ್ರಮಿಸಬಹುದು. ಹೆರಿಗೆಯಾದೊಡನೆ ಆಸ್ಪತ್ರೆಯವರು ಮಂಜುಗಡ್ಡೆಯ ನೀರನ್ನು ಮುಂದಿಟ್ಟರೆ ಆ ತಾಯಂದಿರಿಗೆ ಎಷ್ಟು ದಿಗಿಲಾಗುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ.

ಅವರಲ್ಲಿ ದೇವರು ಮೈದುಂಬಿ ರೋಗಿಯ ಆತ್ಮವನ್ನು ಹುಡುಕಿ ತರುವವರು ಬೇರೆ, ಮದ್ದು ಬಲ್ಲವರು ಬೇರೆ. ಮೊದಲಿನವರನ್ನು ದೇವತೆಗಳೇ ಕಾಯಿಲೆ ಕೊಟ್ಟು ಆರಿಸಿಕೊಳ್ಳುತ್ತಾರಂತೆ. ಮದ್ದಿನ ವಿದ್ಯೆಯನ್ನಾದರೋ ಕಲಿತೇ ಪಡೆಯಬೇಕು. ಇದು ಹೆಚ್ಚಾಗಿ ಹೆಂಗಸರ ಸ್ವತ್ತು, ತಾಯಿಯಿಂದ ಮಗಳಿಗೆ ಬರತಕ್ಕದ್ದು. ಮದ್ದಿಗೂ ಅಧಿದೇವತೆಗಳುಂಟು; ಅವಕ್ಕೆ ಮನೆಯಲ್ಲಿ ಪೂಜಾಸ್ಥಾನವುಂಟು.

ಆದರೆ ಹಳೆಯದೆಲ್ಲವೂ ಹಿತವೆಂದು ನಾನು ಹೇಳುವವನಲ್ಲ. 1983ರಲ್ಲಿ ಇದೇ ಮಿನ್ನೆಸೋಟಾದ ಹ್ಮೋಂಗ್ ಮಕ್ಕಳಲ್ಲಿ ಸೀಸದ ವಿಷವು ಕಂಡುಬಂದು ವಿಚಾರಿಸಲಾಗಿ, ಜ್ವರಕ್ಕೂ ದದ್ದಿಗೂ ಕೊಡುತ್ತಿದ್ದ ‘ಪೇಲೂಆ’ ಎಂಬ ಕೆಂಪು ಪುಡಿಯೇ ಕಾರಣವೆಂದು ತಿಳಿದುಬಂದಿತು. ನಾವು ಮೂಗು ಮುರಿಯುವ ಹಾಗಿಲ್ಲ. 2003ರಲ್ಲಿ ಬಾಸ್ಟನ್ ಸುತ್ತಮುತ್ತ ಕೊಂಡು ಪರೀಕ್ಷಿಸಿದ ನಮ್ಮ ಆಯುರ್ವೇದದ 70 ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲೊಂದಾದರೂ ಇದ್ದಿತು. ಸೊಪ್ಪು ಕಣ್ಣಿಗೆ ಕಾಣುತ್ತದೆ, ಪುಡಿಯೊಳಗೆ ಏನಿದೆಯೆಂದು ಯಾರು ಬಲ್ಲರು? ಕೂಸುಗಳಿರುವ ಮನೆಯವರು ಇಷ್ಟನ್ನು ಜ್ಞಾಪಕದಲ್ಲಿಟ್ಟರೆ ಸಾಕು.

ನಮ್ಮ ಮೂಲಿಕೆಗಳಿಗೆ ನಿಘಂಟುಗಳಿವೆ. ಒಂದೊಂದು ಗಿಡಕ್ಕೆ ಹತ್ತು ಹೆಸರು, ಅವಕ್ಕೆಲ್ಲ ಶ್ಲೋಕ. ಹ್ಮೋಂಗರದು ಬಾಯಿಪಾಠದ ವಿದ್ಯೆ. ಅವರ ನುಡಿಯನ್ನು ಇಂದು ಬರೆಯಲು ಬಳಸುವ ರೋಮನ್ ಲಿಪಿಯು ಲಾವೋಸಿನಲ್ಲಿ 1950ರ ದಶಕದಲ್ಲಷ್ಟೇ ಸಿದ್ಧವಾಯಿತು. ಅದರಲ್ಲಿ ಪದದ ಕಡೆಯ ವ್ಯಂಜನವು ಉಚ್ಚಾರಕ್ಕಲ್ಲ, ಸ್ವರದ ಏರಿಳಿತವನ್ನು ತೋರಿಸುವುದಕ್ಕೆ! ವ್ಯಾಕರಣ ಓದಿದವರಿಗೆ ಇದೊಂದು ವಿನೋದ. ವೃದ್ಧೆಗೆ ಇಂಗ್ಲಿಷು ಬಾರದು. ಜೊತೆಗಿದ್ದ ಮೊಮ್ಮಗಳು ದುಭಾಷಿಯಾಗಿದ್ದಳು. ಪ್ರತಿಯೊಂದು ಎಲೆಗೂ ಅವಳದು ಒಂದೇ ಉತ್ತರ: “ಇದು ಕೋಳಿಯ ಜೊತೆ ಬೇಯಿಸುವ ಮದ್ದು, ಹೆಸರು ಅಜ್ಜಿಗೆ ಗೊತ್ತು.” ಆದರೂ ಅವಳ ಕೈಯಲ್ಲಿ ಒಂದು ಪುಸ್ತಕವಿತ್ತು. ಅಜ್ಜಿ ಹೇಳಿದಂತೆ ಬರೆದುಕೊಂಡ ಹೆಸರುಗಳನ್ನು ತೋರಿಸಿದಳು, ಹನ್ನೊಂದಿದ್ದುವು. ಅಜ್ಜಿಗೆ ಒಟ್ಟು ಎಷ್ಟು ಗಿಡಗಳು ಗೊತ್ತೆಂದು ಕೇಳಿಸಿದೆನು. ಮುದುಕಿಯು ಸೊಪ್ಪಿಗೆ ನೀರು ಚಿಮುಕಿಸುತ್ತ ಏನೋ ಹೇಳಿದಳು. ಎಣಿಸಿಲ್ಲವಂತೆ.