ಎರಡೂವರೆ ನಕ್ಷತ್ರಗಳು

ನಮ್ಮ ವಾರ್ತಾಪತ್ರಿಕೆಯ ಅಕ್ಟೋಬರ್ ಸಂಚಿಕೆಯ ‘ಬರಲಿರುವ ಆಲ್ಬಮ್‌ಗಳು’ ಅಂಕಣದಲ್ಲಿ ನಾನು ಬರೆದಿದ್ದ ಆರೇಳು ಸಾಲುಗಳನ್ನು ಹಿಂತೆಗೆದುಕೊಳ್ಳಬೇಕಾಗಿದೆ. ದಿ ಕ್ಯೂರ್ ತಂಡವು 16 ವರ್ಷಗಳ ಬಳಿಕ ಹೊರತರಲಿದ್ದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಎಂಬ ಆಲ್ಬಮ್‌ಗೆ, ಅದರ ಒಂದೇ ಒಂದು ಹಾಡನ್ನು ಕೇಳಿ, ಐದರಲ್ಲಿ ಎರಡೂವರೆ ನಕ್ಷತ್ರಗಳನ್ನು ಮುಂಗಡವಾಗಿ ದಯಪಾಲಿಸಿದ್ದೆ. ಈ ಅಂಕಣವನ್ನು ಓದುವವರು ಹನ್ನೆರಡು ಮಂದಿ ಇರಬಹುದೆಂದು ಸಂಪಾದಕ ಮಂಡಳಿಯ ಮಿತ್ರರು ಆಗಾಗ ಚುಡಾಯಿಸುತ್ತಾರೆ. ಆ ಹನ್ನೆರಡು ಮಂದಿಗಾದರೂ ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ.

ಬಿಡುಗಡೆಯಾಗದ ಆಲ್ಬಮ್‌ನ ವಿಮರ್ಶೆ ಎಂಬುದೇ ವಿಚಿತ್ರವಾದ ಕೆಲಸ. ಅಡುಗೆಮನೆಯಿಂದ ತೇಲಿಬಂದ ಒಗ್ಗರಣೆಯ ವಾಸನೆಯನ್ನು ಹಿಡಿದು ಊಟದ ಗುಣವನ್ನು ಹೇಳುವಂತಹುದು. ಧ್ವನಿಮುದ್ರಣ ಸಂಸ್ಥೆಗಳು ಒಂದೋ ಎರಡೋ ಹಾಡುಗಳನ್ನು ಕೆಲವು ವಾರಗಳ ಮೊದಲೇ ಹೊರಬಿಡುತ್ತವೆ. ದೊಡ್ಡ ಪತ್ರಿಕೆಗಳ ವಿಮರ್ಶಕರಿಗೆ ಇಡೀ ಆಲ್ಬಮ್ ಮುಂಚಿತವಾಗಿ ದೊರೆಯುತ್ತದೆ. ನನ್ನಂಥ ಹವ್ಯಾಸಿಗಳಿಗೆ ದೊರೆಯುವುದು ಆ ಒಗ್ಗರಣೆಯ ವಾಸನೆ ಮಾತ್ರ. ಮಿಕ್ಕದ್ದನ್ನು ನಮ್ಮ ಪೂರ್ವಗ್ರಹಗಳಿಂದ ತುಂಬಿಕೊಳ್ಳುತ್ತೇವೆ.

ದಿ ಕ್ಯೂರ್ ಎಂದರೆ ಯಾರೆಂದು ಕೇಳುವ ಸದಸ್ಯರಿಗಾಗಿ ಒಂದು ಮಾತು. ಗ್ಯಾಟ್ವಿಕ್ ವಿಮಾನನಿಲ್ದಾಣದ ಪಕ್ಕದಲ್ಲಿಯೇ ಕ್ರಾಲಿ ಎಂಬ ಪಟ್ಟಣವಿದೆ. ಅಲ್ಲಿಯ ಶಾಲಾಹುಡುಗರು 1970ರ ದಶಕದಲ್ಲಿ ಕಟ್ಟಿದ ತಂಡವಿದು. ಕೆದರಿದ ಕೂದಲು, ತುಟಿಯ ಅಂಚನ್ನು ಮೀರಿ ಹರಡಿದ ಬಣ್ಣ, ಇವುಗಳಿಂದ ಜನ ಗುರುತಿಸುವ ರಾಬರ್ಟ್ ಸ್ಮಿತ್ ಅದರ ಗಾಯಕ ಹಾಗೂ ಮುಖ್ಯಸ್ಥ. ‘ಫ್ರೈಡೇ ಐಯಾಮ್ ಇನ್ ಲವ್’ ಎಂಬ ಅವರ ಹರ್ಷದ ಹಾಡನ್ನು ನೀವು ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುತ್ತ ಕೇಳಿಯೇ ಇರುತ್ತೀರಿ. ಆದರೆ ಅವರ ನಿಜವಾದ ಊರು ವಿಷಾದ.

ಹೊಸ ಆಲ್ಬಮ್‌ನ ಮೊದಲ ಹಾಡು ‘ಅಲೋನ್’ ಸೆಪ್ಟೆಂಬರ್ 26ರಂದು ಬಂದಿತು. ಇಂಗ್ಲಿಷ್ ಕವಿ ಅರ್ನೆಸ್ಟ್ ಡೌಸನ್‌ನ ‘ಡ್ರೆಗ್ಸ್’ ಎಂಬ ಕವಿತೆ ಈ ಹಾಡಿಗೆ ದಾರಿ ತೋರಿತೆಂದು ಸ್ಮಿತ್ ಹೇಳಿದ್ದಾರೆ. ಆರೂಮುಕ್ಕಾಲು ನಿಮಿಷಗಳ ಹಾಡಿನಲ್ಲಿ ಮೊದಲ ಮೂರು ನಿಮಿಷಕ್ಕೂ ಹೆಚ್ಚು ಕಾಲ ಗಾಯಕನ ಧ್ವನಿಯೇ ಇಲ್ಲ. ಭಾರವಾದ ಡ್ರಮ್, ಮಂಜಿನಂತೆ ಹರಡುವ ಕೀಬೋರ್ಡ್, ಅವುಗಳ ನಡುವೆ ನಿಧಾನವಾಗಿ ಇಳಿಯುವ ಗಿಟಾರ್. ‘ಬಾಗಿಲು ತೆರೆಯಲು ಮೂರು ನಿಮಿಷ ತೆಗೆದುಕೊಳ್ಳುವ ಮನೆಗೆ ಅತಿಥಿಗಳು ಏಕೆ ಹೋಗಬೇಕು?’ ಎಂದು ನಾನು ಬರೆದೆ. ಈ ಸಾಲಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಕಛೇರಿಗಳಲ್ಲಿ ಅರ್ಧ ಗಂಟೆಯ ಆಲಾಪನೆಗೆ ತಲೆದೂಗುವ ಮನುಷ್ಯ ಇದನ್ನು ಬರೆದನೆಂಬುದನ್ನು ಯಾರೂ ಗಮನಿಸಲಿಲ್ಲ.

ಈಗ ನನ್ನ ಅಣ್ಣನ ವಿಷಯಕ್ಕೆ ಬರಬೇಕು. ಈ ತಂಡವನ್ನು ನನಗೆ ಪರಿಚಯಿಸಿದವನು ಅವನೇ. 1990ರಲ್ಲಿ ಅವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ನಾನು ಶಿವಮೊಗ್ಗದಲ್ಲಿ ಪಿ.ಯು.ಸಿ.ಯಲ್ಲಿದ್ದೆ. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳು ಆಗ ಇದ್ದವು. ಅಂಥ ಒಂದು ಅಂಗಡಿಯಲ್ಲಿ ಅವನು ದಿ ಕ್ಯೂರ್‌ನ 1989ರ ಆಲ್ಬಮ್ ‘ಡಿಸ್‌ಇಂಟಿಗ್ರೇಷನ್’ ಅನ್ನು ತುಂಬಿಸಿ, ಹಾಡುಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ. ಆಲ್ಬಮ್ ಇರುವುದು 72 ನಿಮಿಷ. ಕ್ಯಾಸೆಟ್ ಇದ್ದದ್ದು 60 ನಿಮಿಷದ್ದು. ಒಂದನೆಯ ಬದಿಯಲ್ಲಿ ಆರು ಹಾಡುಗಳು ಅಚ್ಚುಕಟ್ಟಾಗಿ ಹಿಡಿಸಿದ್ದವು. ಎರಡನೆಯ ಬದಿಯ ಕೊನೆಯಲ್ಲಿ ‘ಹೋಮ್‌ಸಿಕ್’ ಎಂಬ ಹಾಡು ಆರಂಭವಾಗಿ, ವಾದ್ಯಗಳು ಇನ್ನೂ ದಾರಿ ಹುಡುಕುತ್ತಿರುವಾಗಲೇ ಟಕ್ಕೆಂದು ನಿಂತುಬಿಡುತ್ತಿತ್ತು. ಅದು ವಾದ್ಯಸಂಗೀತದ ಒಂದು ತುಣುಕೆಂದೇ ಹತ್ತು ವರ್ಷ ನಂಬಿದ್ದೆ.

ಈ ದೇಶಕ್ಕೆ ಬಂದ ಮೇಲೆ ಸಿಡಿ ಕೊಂಡು ಕೇಳಿದಾಗ ಆ ಹಾಡಿನಲ್ಲಿ ಸ್ಮಿತ್ ಹಾಡಿರುವುದು ತಿಳಿಯಿತು. ಆ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣ, ಅದ್ರಲ್ಲಿ ಮಾತೂ ಇದೆ” ಎಂದೆ. ಅವನು ನಕ್ಕು, “ಹದಿನೈದು ರೂಪಾಯಿಗೆ ಅಷ್ಟೇ ಬರೋದು ಕಣೋ” ಎಂದ.

2021ರ ಮೇ ತಿಂಗಳಲ್ಲಿ ಅಣ್ಣ ಹೋದ. ಭಾರತವು ಬ್ರಿಟನ್ನಿನ ಕೆಂಪುಪಟ್ಟಿಯಲ್ಲಿದ್ದ ದಿನಗಳವು. ಆ ದಿನಗಳನ್ನು ನಮ್ಮ ಸಂಘದ ಹಲವು ಮನೆಗಳಿಗೆ ನಾನು ವಿವರಿಸಬೇಕಾಗಿಲ್ಲ. ಚಿತಾಗಾರದ ಹೊರಗೆ ನಿಂತು ಅಣ್ಣನ ಮಗ ವಾಟ್ಸ್ಯಾಪಿನಲ್ಲಿ ತೋರಿಸುತ್ತಿದ್ದ ಚಿತ್ರ ಎರಡು ಬಾರಿ ನಿಂತುಹೋಯಿತು. ಮೂರನೆಯ ಬಾರಿ ಬಂದಾಗ ಕಂಡದ್ದು ಮುಚ್ಚಿದ ಬಾಗಿಲು.

ಹೊಸ ಆಲ್ಬಮ್‌ನ ಆರನೆಯ ಹಾಡಿನ ಹೆಸರು ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’. ಸ್ಮಿತ್ ತಮ್ಮ ಅಣ್ಣ ರಿಚರ್ಡ್ ತೀರಿಕೊಂಡದ್ದರ ಬಗ್ಗೆ ಬರೆದ ಹಾಡು. 2022ರ ಯುರೋಪ್ ಪ್ರವಾಸದಲ್ಲಿಯೇ ತಂಡ ಅದನ್ನು ವೇದಿಕೆಯ ಮೇಲೆ ನುಡಿಸಿತ್ತು. ಪ್ರೇಕ್ಷಕರು ತೆಗೆದ ವಿಡಿಯೋಗಳು ಯೂಟ್ಯೂಬಿನಲ್ಲಿದ್ದವು. ನನಗೆ ಇದೆಲ್ಲ ತಿಳಿದಿತ್ತು. ಎರಡು ವರ್ಷಗಳಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ. ಅಕ್ಟೋಬರ್ ಸಂಚಿಕೆಗೆ ಬರೆಯುವಾಗ ಈ ಹಾಡಿನ ಹೆಸರನ್ನು ಸಹ ಎತ್ತಲಿಲ್ಲ. ಎರಡೂವರೆ ನಕ್ಷತ್ರಗಳು ‘ಅಲೋನ್’ ಹಾಡಿಗೆ ಸಂದವೇ, ಈ ಹಾಡಿನಿಂದ ತಪ್ಪಿಸಿಕೊಳ್ಳಲು ನಾನು ಕಟ್ಟಿಕೊಂಡ ಬೇಲಿಯೇ ಎಂದು ಈಗ ಯಾರಾದರೂ ಕೇಳಿದರೆ ನಾನು ವಾದಿಸುವುದಿಲ್ಲ.

ಆಲ್ಬಮ್ ಬಿಡುಗಡೆಯಾದದ್ದು ನವೆಂಬರ್ 1, ಶುಕ್ರವಾರ. ಕನ್ನಡ ರಾಜ್ಯೋತ್ಸವದಂದೇ! ಅದೇ ರಾತ್ರಿ ಲಂಡನ್ನಿನ ಟ್ರಾಕ್ಸಿ ರಂಗಮಂದಿರದಲ್ಲಿ ತಂಡ ಇಡೀ ಆಲ್ಬಮ್ಮನ್ನು ನುಡಿಸಿ, ಬಳಿಕ ಹಳೆಯ ಹಾಡುಗಳಿಗೆ ತಿರುಗಿ, ಸುಮಾರು ಮೂರು ಗಂಟೆ ಹಾಡಿತು. ನಾನು ಆ ಹೊತ್ತಿನಲ್ಲಿ ಮರುದಿನದ ಕಾರ್ಯಕ್ರಮಕ್ಕೆ ಧ್ವನಿವರ್ಧಕದ ತಂತಿಗಳನ್ನು ಬಿಡಿಸುತ್ತಿದ್ದೆ. ಶನಿವಾರ ನಾಡಗೀತೆ, ಮಕ್ಕಳ ಕೋಲಾಟ, ಬಿಸಿಬೇಳೆಬಾತ್ ಎಲ್ಲವೂ ಮುಗಿದು, ಶಾಲೆಯ ಸಭಾಂಗಣವನ್ನು ಗುಡಿಸಿ, ಸ್ಪೀಕರ್ ಪೆಟ್ಟಿಗೆಗಳನ್ನು ಕಾರಿಗೆ ಹೇರಿಕೊಂಡು ಮಗಳೊಂದಿಗೆ ಹೊರಟಾಗ ರಾತ್ರಿ ಹತ್ತೂವರೆ. ಮನೆಗೆ ನಲವತ್ತೈದು ನಿಮಿಷದ ದಾರಿ. ಆಲ್ಬಮ್ 49 ನಿಮಿಷ. “ದೊಡ್ಡಪ್ಪ ಕಳಿಸಿದ್ದ ಕ್ಯಾಸೆಟ್ ಇವರದ್ದೇ ಅಲ್ವಾ ಅಪ್ಪ?” ಎಂದು ಕೇಳಿ ಮಗಳೇ ಅದನ್ನು ಹಚ್ಚಿದಳು.

ವಿಮರ್ಶಕನಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಎಂಟೇ ಹಾಡುಗಳು, ಎಲ್ಲವನ್ನೂ ಸ್ಮಿತ್ ಒಬ್ಬರೇ ಬರೆದಿದ್ದಾರೆ. 65ರ ವಯಸ್ಸಿನಲ್ಲಿಯೂ ಅವರ ಕಂಠ 1989ರಲ್ಲಿದ್ದಷ್ಟೇ ಎಳೆಯದಾಗಿ ಕೇಳುವುದು ಆಶ್ಚರ್ಯಕರ. ಸೈಮನ್ ಗ್ಯಾಲಪ್‌ರ ಬೇಸ್ ಗಿಟಾರ್ ‘ಎ ಫ್ರಾಜೈಲ್ ಥಿಂಗ್’ ಹಾಡನ್ನು ಹೆಗಲ ಮೇಲೆ ಹೊತ್ತು ನಡೆಯುತ್ತದೆ. ಹೊಸಬರು ಇಲ್ಲಿಂದ ಆರಂಭಿಸಬಹುದು. ‘ವಾರ್‌ಸಾಂಗ್’ ಮತ್ತು ‘ಡ್ರೋನ್:ನೋಡ್ರೋನ್’ ಎರಡೂ ಗದ್ದಲದ ಹಾಡುಗಳು. ಎರಡನೆಯದು ನನಗೆ ಬರೀ ಗದ್ದಲವಾಗಿಯೇ ಉಳಿಯಿತು. ಸಿಟ್ಟಿದೆ, ರಾಗವಿಲ್ಲ. ಇಡೀ ಮುದ್ರಣದಲ್ಲಿ ವಾದ್ಯಗಳು ಒಂದರ ಮೇಲೊಂದು ಒತ್ತರಿಸಿಕೊಂಡಿವೆ, ಉಸಿರಾಟಕ್ಕೆ ಇನ್ನಷ್ಟು ಜಾಗವಿರಬೇಕಿತ್ತು. ಮುಖಪುಟದಲ್ಲಿ ಸ್ಲೊವೇನಿಯಾದ ಶಿಲ್ಪಿ ಯಾನೆಜ್ ಪಿರ್ನಾಟ್ 1975ರಲ್ಲಿ ಕೆತ್ತಿದ ಕಲ್ಲಿನ ತಲೆಯೊಂದಿದೆ, ಅರ್ಧ ಮುಖ, ಅರ್ಧ ಬಂಡೆ. ಆಲ್ಬಮ್‌ಗೆ ಅದಕ್ಕಿಂತ ಒಪ್ಪುವ ಚಿತ್ರ ದೊರೆಯಲಾರದು.

ಆರನೆಯ ಹಾಡು ಗುಡುಗಿನಿಂದ ಆರಂಭವಾಗುತ್ತದೆ. ಆಮೇಲೆ ಪಿಯಾನೋದಲ್ಲಿ ಕೆಲವೇ ಸ್ವರಗಳು, ಮಕ್ಕಳು ಪಾಠ ಕಲಿಯುವಾಗ ನುಡಿಸುವಷ್ಟು ಸರಳವಾದವು, ಮತ್ತೆ ಮತ್ತೆ. ಸ್ಮಿತ್ ಇಲ್ಲಿ ಅಣ್ಣನ ಗುಣಗಾನ ಮಾಡುವುದಿಲ್ಲ. ಅವನು ಎಂಥವನಾಗಿದ್ದನೆಂದು ಕೇಳುಗನಿಗೆ ತಿಳಿಯುವುದೇ ಇಲ್ಲ. ಒಂದು ರಾತ್ರಿ, ಒಂದು ಮಳೆ, ತನ್ನಿಂದ ಹೇಳಲಾಗದೆ ಹೋದ ಒಂದು ಮಾತು, ಅಷ್ಟೆ. ಹೆದ್ದಾರಿಯಲ್ಲಿ ನಾನು ಎಡ ಪಥಕ್ಕೆ ಸರಿದು ವೇಗವನ್ನು ತಗ್ಗಿಸಿದೆ. ಮಗಳು ಏನನ್ನೂ ಕೇಳಲಿಲ್ಲ. ಹಾಡು ಮುಗಿದ ಮೇಲೆ, ಇನ್ನೊಮ್ಮೆ ಹಾಕಲೇ ಎಂದಳು. ಬೇಡ, ಮುಂದಿನದು ಬರಲಿ ಎಂದೆ.

ಮನೆಯ ಮುಂದೆ ಕಾರು ನಿಂತಾಗ ಕೊನೆಯ ಹಾಡಾದ ‘ಎಂಡ್‌ಸಾಂಗ್’ ಆರಂಭವಾಗಿ ಆರು ನಿಮಿಷವಾಗಿತ್ತು, ಧ್ವನಿ ಇನ್ನೂ ಬಂದಿರಲಿಲ್ಲ. ನಾನು ಕೀಲಿಕೈಗೆ ಕೈ ಹಾಕಿದೆ. “ಅವ್ರು ಇನ್ನೂ ಹಾಡೇ ಇಲ್ವಲ್ಲ ಅಪ್ಪ” ಎಂದು ಮಗಳು ತಡೆದಳು. ಕತ್ತಲಲ್ಲಿ, ಸ್ಪೀಕರ್ ಪೆಟ್ಟಿಗೆಗಳ ನಡುವೆ, ಹಾಡು ಪೂರ್ತಿ ಮುಗಿಯುವವರೆಗೆ ನಾವಿಬ್ಬರೂ ಕುಳಿತಿದ್ದೆವು.

ಮರುವಾರ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, 1992ರ ‘ವಿಶ್’ ಬಳಿಕ ಇದೇ ಮೊದಲು. ಇನ್ನೊಂದು ಆಲ್ಬಮ್ ಬಹುಮಟ್ಟಿಗೆ ಸಿದ್ಧವಿದೆಯೆಂದು ಸ್ಮಿತ್ ಹೇಳಿದ್ದಾರೆ. ಅದು ಕೈಗೆ ಬಂದು, ಕೊನೆಯ ಹಾಡು ಮುಗಿಯುವವರೆಗೆ ಅದರ ಬಗ್ಗೆ ಈ ಅಂಕಣದಲ್ಲಿ ಒಂದು ಸಾಲೂ ಇರುವುದಿಲ್ಲ. ನಕ್ಷತ್ರಗಳ ಲೆಕ್ಕ ಕೇಳುವ ಹನ್ನೆರಡು ಮಂದಿಗೆ: ನಾಲ್ಕು. ಐದನೆಯದನ್ನು ‘ಡ್ರೋನ್:ನೋಡ್ರೋನ್’ ಕಳೆಯಿತು.